ಏನಾಗಬೇಕಿತ್ತು?

ನಮ್ಮ ಊರಿನಂಥದೇ ಒಂದು ಊರು ಎಂದುಕೊಳ್ಳಿ. ಅಲ್ಲೊಬ್ಬ ಸಾಹುಕಾರ, ಮದುವೆಮನೆಗಳ ಅಡುಗೆ ಗುತ್ತಿಗೆ ಹಿಡಿದೇ ಮೂರಂತಸ್ತಿನ ಮನೆ ಕಟ್ಟಿದವನು. ಅವನಿಗೆ ಪರಿಚಯವಿಲ್ಲದವರೇ ಇರಲಿಲ್ಲ. ಫೋನಿನಲ್ಲಿ ಎರಡು ಸಾವಿರ ನಂಬರು! ಯಾವ ಸಮಾರಂಭಕ್ಕೆ ಹೋದರೂ ಹತ್ತು ಜನರ ಕೈ ಕುಲುಕಿ, ಕಾರ್ಡು ಕೊಟ್ಟು, ಕಾರ್ಡು ಇಸಿದುಕೊಂಡು ಬರುವನು. ಈ ಜಿಲ್ಲೆಯಲ್ಲಿ ತನ್ನ ಮಾತು ತೆಗೆದುಹಾಕುವವರಿಲ್ಲ ಎಂಬ ಹೆಮ್ಮೆ. ಹೆಮ್ಮೆ ಪಡಲಿ ಬಿಡಿ, ದುಡಿದ ಜೀವ.

ಒಮ್ಮೆ ಒಂದು ದೊಡ್ಡ ಮದುವೆ ಒಪ್ಪಿಕೊಂಡ. ಸಾವಿರದೈನೂರು ಎಲೆ ಊಟ. ನಾಳೆ ಧಾರೆ ಎನ್ನುವಾಗ, ಇಂದು ಮಧ್ಯಾಹ್ನ ಬಾಡಿಗೆ ಪಾತ್ರೆ ಅಂಗಡಿಯಿಂದ ಸುದ್ದಿ ಬಂತು: ಕೊಪ್ಪರಿಗೆಗಳೆಲ್ಲ ಇನ್ನೊಂದು ಮದುವೆಗೆ ಹೋಗಿಬಿಟ್ಟಿವೆ. ಇಲ್ಲಿ ತರಕಾರಿ ಹೆಚ್ಚಲು ಕೂತಿದ್ದಾರೆ, ಬೇಯಿಸಲು ಪಾತ್ರೆಯಿಲ್ಲ. ನಾಳೆ ಬೀಗರ ಮುಂದಿನ ಎಲೆ ಬರಿದಾಗಿ ಉಳಿದರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು.

ಫೋನು ಎತ್ತಿಕೊಂಡ. ಒಬ್ಬರಾದ ಮೇಲೆ ಒಬ್ಬರಿಗೆ ಮಾಡಿದ. ನೋಡಿ, ಯಾರೂ ಇಲ್ಲವೆನ್ನಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ "ಏನಾಗ್ಬೇಕಿತ್ತು ಸಾರ್?" ಎಂದರು. ಸೀಸನ್ನು ಎಂದರು, ವಿಚಾರಿಸಿ ಹೇಳುತ್ತೇವೆ ಎಂದರು. ತಿರುಗಿ ಫೋನು ಮಾಡಿದವರು ಎಷ್ಟು ಜನ? ಒಬ್ಬರೂ ಇಲ್ಲ.

ಪಾಯಸದ ಕೆಲಸಕ್ಕೆ ಒಬ್ಬ ತಾಯಿ ಬರುತ್ತಿದ್ದರು. ಯಾರು ಕರೆದರೂ ಹೋಗಿ ಪಾಯಸ ಮಾಡಿಕೊಡುವುದೇ ಅವರ ಬದುಕು. ಯಜಮಾನ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ನೋಡಿ, ಪಕ್ಕದ ತಾಲ್ಲೂಕಿನಲ್ಲಿ ಒಂದು ಪಾತ್ರೆ ಅಂಗಡಿಯಿದೆ, ಕೇಳಲೇ ಎಂದರು. ಅವರ ಕೈಯೆಲ್ಲ ಬೆಲ್ಲವಾಗಿತ್ತು. ಸಾಹುಕಾರನೇ ಅವರ ಫೋನು ಹಿಡಿದು ಸ್ಪೀಕರ್ ಹಾಕಿದ. ಆ ಕಡೆಯಿಂದ ಮೊದಲ ಮಾತು ಏನು ಬಂತು ಗೊತ್ತೇ?

"ಅಕ್ಕಾ, ಊಟ ಆಯ್ತಾ? ಮಂಡಿನೋವು ಹೆಂಗಿದೆ?"

ಸಾಹುಕಾರ ಬೆರಗಾದ. ಎರಡು ಸಾವಿರ ನಂಬರಿನಲ್ಲಿ ಒಬ್ಬರಾದರೂ ತನಗೆ ಊಟವಾಯಿತೇ ಎಂದು ಕೇಳಿದ್ದುಂಟೇ? ಹೊತ್ತು ಮುಳುಗುವ ಮೊದಲೇ ಎಂಟು ಕೊಪ್ಪರಿಗೆ ಬಂದಿಳಿದವು. ಅಂಗಡಿಯವನು ಅವನ್ನು ತನ್ನ ತಂಗಿಯ ಮನೆಯ ನಾಮಕರಣಕ್ಕೆಂದು ಎತ್ತಿಟ್ಟಿದ್ದನಂತೆ. ಸಣ್ಣ ಪಾತ್ರೆಗಳಲ್ಲಿ ಸುಧಾರಿಸಿಕೋ ಎಂದು ತಂಗಿಗೆ ಹೇಳಿ ಕಳಿಸಿದ್ದ.

ಆ ಅಂಗಡಿಯವನಿಗೆ ಅಂಥದ್ದೇನು ಮಾಡಿದ್ದೀರಿ ಎಂದು ಸಾಹುಕಾರ ಕೇಳಿಯೇಬಿಟ್ಟ.

"ಮಾಡೋಕೆ ನನ್ನ ಹತ್ರ ಏನಿದೆ ಯಜಮಾನ್ರೆ? ಅವನ ಪಾತ್ರೇಲಿ ಅಡುಗೆ ಮಾಡಿದಾಗೆಲ್ಲ, ಮದುವೆ ಮುಗಿದ್ಮೇಲೆ ಹೋಗಿ, ನಿನ್ನ ಕೊಪ್ಪರಿಗೆ ತಳ ಗಟ್ಟಿ ಕಣಪ್ಪ, ಪಾಯಸ ಸೀಯಲಿಲ್ಲ ಅಂತ ಹೇಳಿ ಬರ್ತೀನಿ. ಅಷ್ಟೇ."

ಅಷ್ಟೇ ಅಂತೆ! ಜನ ಹೊಗಳಿದ್ದು ಪಾಯಸವನ್ನು. ಆ ಹೊಗಳಿಕೆಯನ್ನು ತಾವೊಬ್ಬರೇ ಇಟ್ಟುಕೊಳ್ಳದೆ, ಪಾತ್ರೆ ಕೊಟ್ಟವನ ಪಾಲನ್ನು ಅವನಿಗೆ ಮುಟ್ಟಿಸಿ ಬಂದರಲ್ಲ, ಆ ತಾಯಿಗೆ ಕೈ ಮುಗಿಯಬೇಕೆನಿಸುತ್ತದೆ ನನಗೆ.

ಮದುವೆ ಮುಗಿಯಿತು, ಹೆಸರು ಉಳಿಯಿತು. ಮೂರನೆಯ ದಿನ ಸಾಹುಕಾರ ತಾನೇ ಆ ಅಂಗಡಿಗೆ ಹೋದ. ಅಂಗಡಿಯವನು ಎದ್ದು ನಿಂತು, ಏನಾಗಬೇಕಿತ್ತು ಎಂದ. ಏನೂ ಬೇಡ, ನಿಮ್ಮಿಂದ ನನ್ನ ಮಾನ ಉಳಿಯಿತು, ಅದನ್ನು ಹೇಳಲು ಬಂದೆ ಎಂದ ಇವನು. ಅಂಗಡಿಯವನು ನಕ್ಕ. ಕುರ್ಚಿ ಎಳೆದು ಕೂರಿಸಿದ. ಆಮೇಲೆ ಮೆಲ್ಲಗೆ, "ಸಂತೋಷ ಸಾರ್. ಆದ್ರೂ... ಏನಾಗ್ಬೇಕಿತ್ತು?"

ನಗಬೇಡಿ. ಸಾಹುಕಾರನಿಗೆ ಆಗ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷ ಬರೀ ಬೇಕು ಬೇಕು ಎಂದೇ ಬಾಗಿಲು ತಟ್ಟಿದವನು ಇವತ್ತು ಬೇಡ ಎಂದರೆ ಯಾರು ನಂಬುತ್ತಾರೆ? ಆದರೆ ಅವನು ಮುನಿಸಿಕೊಳ್ಳಲಿಲ್ಲ. ಮುಂದಿನ ತಿಂಗಳು ಏನೂ ಕೇಳದೆ ಮತ್ತೆ ಹೋದ, ಅದರ ಮುಂದಿನ ತಿಂಗಳೂ ಹೋದ. ಅದಕ್ಕಾಗಿ ಅವನೂ ದೊಡ್ಡವನೇ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಫೋನು ಬಂದಾಗ ಜನ ಏನೆನ್ನುತ್ತಾರೆ? ಊಟ ಆಯ್ತಾ ಎನ್ನುತ್ತಾರೋ, ಏನಾಗಬೇಕಿತ್ತು ಎನ್ನುತ್ತಾರೋ? ನಾಳೆ ಕೆಲಸಕ್ಕೆ ಹೋದಾಗ, ನಿಮ್ಮ ಕೆಲಸ ಕೆಡದಂತೆ ಕಾದವರೊಬ್ಬರನ್ನು ಹುಡುಕಿ. ಕಡತ ಹೊತ್ತಿಗೆ ಸರಿಯಾಗಿ ತಂದವರಿರಬಹುದು, ಹೊಸ ಗಿರಾಕಿಗೆ ನಿಮ್ಮ ಹೆಸರು ಹೇಳಿದವರಿರಬಹುದು. ಅವರು ಏನು ಮಾಡಿದರೋ ಅದನ್ನೇ ಬಿಡಿಸಿ ಹೇಳಿ, ನಿಮ್ಮಿಂದ ಅನುಕೂಲವಾಯಿತು ಎನ್ನಿ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಬನ್ನಿ. ಬಾಗಿಲ ತನಕ ಬಂದು, ತಿರುಗಿ ನಿಂತು, "ಹಾಗೇ ಒಂದು ಸಣ್ಣ ಕೆಲಸ ಇತ್ತು" ಎನ್ನಬೇಡಿ.