ಫ್ಯೂಸ್ ಹೋದ ಸಭೆಯಲ್ಲಿ ಎರಡು ಮಾತು

ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯಿನಿಯವರೇ, ಮಕ್ಕಳೇ, ಫ್ಯಾನು ನಿಂತರೂ ಎದ್ದುಹೋಗದೆ ಕುಳಿತಿರುವ ಸಹೃದಯ ಸಭಿಕರೇ,

ಮೈಕ್ ಇಲ್ಲ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯೇ? ನಿಮ್ಮ ನಗು ನನಗೆ ಕೇಳಿಸಿತು, ಹಾಗಾಗಿ ನನ್ನ ಮಾತೂ ನಿಮಗೆ ಕೇಳಿಸೀತು. ಈಗಷ್ಟೇ ನೀವೆಲ್ಲ ನೋಡಿದಿರಿ. ನಿವೃತ್ತ ವಿಜ್ಞಾನ ಮೇಷ್ಟ್ರಾದ ನನ್ನದೇ ಹೆಸರಿಟ್ಟ ಹೊಸ ಪ್ರಯೋಗಾಲಯವನ್ನು ಉದ್ಘಾಟಿಸಲು ನನ್ನ ಕೈಗೆ ಒಂದು ಬಲ್ಬು, ಒಂದು ಆಮೀಟರು ಕೊಟ್ಟರು. ಪ್ರವಾಹ ಅಳೆಯುವ ಈ ಆಮೀಟರನ್ನು ಬಲ್ಬಿನ ಜೊತೆ ಒಂದೇ ಸಾಲಿನಲ್ಲಿ ಜೋಡಿಸಬೇಕು. ನಾನು ಬಲ್ಬನ್ನು ಬಿಟ್ಟು, ಮೀಟರಿನ ಎರಡು ತುದಿಗಳನ್ನು ನೇರವಾಗಿ ಕರೆಂಟಿನ ಎರಡು ತಂತಿಗಳಿಗೇ ಕೊಟ್ಟೆ. ಆಮೀಟರಿನ ರೋಧ ಇಲ್ಲವೆನ್ನುವಷ್ಟು ಕಡಿಮೆ. ವೋಲ್ಟೇಜನ್ನು ಅದರಿಂದ ಭಾಗಿಸಿ ನೋಡಿ, ಎಷ್ಟು ಪ್ರವಾಹ ನುಗ್ಗೀತು! ಢಬ್ ಎಂದಿತು. ಮೀಟರು ಸುಟ್ಟಿತು, ಫ್ಯೂಸ್ ಹೋಯಿತು, ಹಿಂದೆಯೇ ನನ್ನ ಮಾನವೂ ಹೋಯಿತು.

ಮೊದಲ ಸಾಲಿನಲ್ಲಿ ನನ್ನಾಕೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಇಲ್ಲಿಂದ ಗೊತ್ತಾಗುತ್ತಿಲ್ಲ. ನನ್ನ ಸಭೆಯೊಂದಕ್ಕೆ ಅವಳು ಬಂದದ್ದು ಇದೇ ಮೊದಲು. ಮನೆಯಲ್ಲಿ ಫ್ಯೂಸ್ ಹೋದರೆ, "ನೀವು ದೂರ ನಿಂತ್ಕೊಳ್ಳಿ, ಲೆಕ್ಕ ಬೇಕಾದ್ರೆ ಕರೀತೀನಿ" ಎನ್ನುವವಳು ಅವಳು.

ಲೆಕ್ಕವನ್ನು ಮಾತ್ರ ಕೇಳಿ ಸಭಿಕರೇ! ಇನ್ನೂರ ಮೂವತ್ತು ವೋಲ್ಟು, ಅರ್ಧ ಆಂಪಿಯರು. ಭಾಗಿಸಿದರೆ ರೋಧ ನಾನೂರ ಅರವತ್ತು ಓಮ್, ಗುಣಿಸಿದರೆ ಸಾಮರ್ಥ್ಯ ನೂರ ಹದಿನೈದು ವ್ಯಾಟ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಗಾದರೆ ಕೈ ಏಕೆ ತಪ್ಪಿತು? ನಮ್ಮ ಕಾಲದಲ್ಲಿ ಮೀಟರುಗಳು ಗಾಜಿನ ಬೀರುವಿನಲ್ಲಿ ಇರುತ್ತಿದ್ದವು. ಎಲ್ಲಿ ಸುಟ್ಟುಹೋಗುತ್ತವೋ ಎಂಬ ಭಯಕ್ಕೆ ಬೀಗ ತೆಗೆದವರಿಲ್ಲ. ನಾನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಮೀಟರು ಬರೆದು, ಅದಕ್ಕೊಂದು ಮುಳ್ಳನ್ನೂ ಬರೆಯುತ್ತಿದ್ದೆ. ಮಕ್ಕಳು ಉತ್ತರವನ್ನು ಮೊದಲು ಬರೆದುಕೊಂಡು, ಅದಕ್ಕೆ ಹೊಂದುವಂತೆ ಅಳತೆಗಳನ್ನು ಆಮೇಲೆ ತುಂಬುತ್ತಿದ್ದರು. "ಸಾರ್, ಎಲ್ರದ್ದೂ ಒಂದೇ ಥರ ಬಂತಲ್ಲ?" ಎಂದು ಒಬ್ಬಳು ಕೇಳಿದ್ದಳು. "ಸರಿಯಾಗಿ ಮಾಡಿದ್ರೆ ಹಾಗೇ ಬರೋದು, ಕೂತ್ಕೋ" ಎಂದಿದ್ದೆ. ಎಲ್ಲರಿಗೂ ಪೂರ್ತಿ ಅಂಕ. ಎಲ್ಲ ಕಡೆಯೂ ಹಾಗೇ ಇತ್ತು ಬಿಡಿ. ಅಲ್ಲ, ಇದನ್ನೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ.

ದೀಪ ಹೋದಾಗ, ಈ ಪ್ರಯೋಗಾಲಯದ ಮೇಷ್ಟ್ರಾಗಿರುವ ನನ್ನ ಹಳೆಯ ಶಿಷ್ಯ ಓಡಿಬಂದು ನನ್ನ ಕೈ ಹಿಡಿದುಕೊಂಡ. ಕಿವಿಯಲ್ಲಿ ಹೇಳಿದ: "ಬೇಜಾರು ಮಾಡ್ಕೋಬೇಡಿ ಸಾರ್. ಹೋದ ವಾರ ನಾನೂ ಹೀಗೇ ಜೋಡಿಸಿ ಒಂದು ಮೀಟರ್ ಸುಟ್ಟೆ. ನಿಮ್ಮ ಹತ್ರಾನೇ ಅಲ್ವಾ ನಾನು ಕಲಿತಿದ್ದು?"

ಪಾಪ, ಸಮಾಧಾನಕ್ಕೆಂದು ಹೇಳಿದ. ನೀವೆಲ್ಲ ನಕ್ಕಾಗ ಆಗದಷ್ಟು ನಾಚಿಕೆ ನನಗೆ ಆಗ ಆಯಿತು. ಈಗಲೂ ಆಗುತ್ತಿದೆ.

ಅಧ್ಯಕ್ಷರೇ, ಬಾಗಿಲ ಮೇಲಿನ ನನ್ನ ಹೆಸರಿನ ಫಲಕಕ್ಕೆ ಮುಚ್ಚಿರುವ ಬಟ್ಟೆಯನ್ನು ದಯವಿಟ್ಟು ತೆಗೆಯಬೇಡಿ. ಫಲಕವನ್ನೇ ಇಳಿಸಿಬಿಡಿ. ಮಕ್ಕಳು ಮೊದಲ ಪ್ರಯೋಗ ಮಾಡುವ ದಿನ ಹಿಂದಿನ ಬೆಂಚಿನಲ್ಲಿ ನನಗೂ ಒಂದಿಷ್ಟು ಜಾಗ ಕೊಡಿ, ಅಷ್ಟು ಸಾಕು. ಮಕ್ಕಳೇ, ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನೇ ಬರೆಯಿರಿ, ಪಕ್ಕದವರದ್ದಕ್ಕೆ ಹೊಂದದಿದ್ದರೂ ಸರಿ.

ನಕ್ಕವರಿಗೂ, ನಗು ತಡೆದುಕೊಂಡವರಿಗೂ ನನ್ನ ಕೃತಜ್ಞತೆ. ಚಪ್ಪಾಳೆ ಮಾತ್ರ ಬೇಡ. ನಮಸ್ಕಾರ.