ಊಟ ಮುಗಿಸಿ ಬರೆದ ಸಾಲು

ಅಧ್ಯಕ್ಷರಾದ ಹಾಗನ್ ಅವರೇ, ಆಡಳಿತ ಮಂಡಳಿಯ ಗಣ್ಯರೇ, ಮೂವತ್ತೊಂದು ವರ್ಷ ಈ ಒರೆಟಾ ಗೇನ್ಸಳನ್ನು ಸಹಿಸಿಕೊಂಡ ಸಭಿಕರೇ,

ಇವತ್ತು ನನಗೆ ಬೀಳ್ಕೊಡುಗೆ. ಆದರೆ ನಿಮಗೆ ಹೇಳಬೇಕಾದ ಮಾತೊಂದು ಉಳಿದಿದೆ. ಅದನ್ನು ಹೇಳಿಯೇ ವೇದಿಕೆ ಇಳಿಯುತ್ತೇನೆ.

ಡುಲುತ್‌ನ ಈ ನಮ್ಮ ಸೇತುವೆ ಕಂಪನಿಯ ಪರಿಚಯ ಪುಸ್ತಿಕೆಯಲ್ಲಿ ಪ್ರತಿ ವರ್ಷ ನಾಲ್ಕು ಕಡೆ ನನ್ನ ಫೋಟೊ. ಹೆಲ್ಮೆಟ್ ಹಾಕಿ ಒಂದು, ನಕ್ಷೆ ಹಿಡಿದು ಒಂದು. ಅದನ್ನು ನೋಡಿ ಡೆಟ್ರಾಯಿಟ್‌ನಿಂದ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ನಿಮ್ಮ ಆಫೀಸ್ ತುಂಬ ನಮ್ಮೋರೇ ಇದ್ದಾರಲ್ಲ!" ಅಂದಳು. "ಅಯ್ಯೋ, ಅಷ್ಟೂ ನಾನೇ ಕಣೇ" ಅಂದೆ. ನಗಿ, ನಗಿ. ಆದರೆ ಒಮ್ಮೆ ತಿರುಗಿ ನೋಡಿ. ಈ ನೂರನಲವತ್ತು ಜನರಲ್ಲಿ ಇನ್ನೊಂದು ಕಪ್ಪು ಮುಖ ಎಲ್ಲಿದೆ?

ನಮ್ಮಲ್ಲೊಂದು ಪದ್ಧತಿ. ಸಂದರ್ಶನಕ್ಕೆ ಬಂದವರನ್ನು ಊಟಕ್ಕೆ ಕರೆದೊಯ್ದು, ಆಮೇಲೆ ಆಯ್ಕೆ ಸಮಿತಿಯ ಐವರೂ ಒಂದೊಂದು ಸಾಲು ಬರೆಯುತ್ತೇವೆ: ಇವರು ನಮ್ಮೊಂದಿಗೆ ಹೊಂದಿಕೊಳ್ಳುತ್ತಾರೆಯೇ? ಐದು ವರ್ಷದ ಹಿಂದೆ ಜೊನೆಲ್ ವಿಟೇಕರ್ ಎಂಬ ಹುಡುಗಿ ಬಂದಿದ್ದಳು. ನಮ್ಮವಳು. ಕೆಲಸದಲ್ಲಿ ನಮ್ಮೆಲ್ಲರಿಗಿಂತ ಚುರುಕು ಎಂದು ಸಂದರ್ಶನದಲ್ಲೇ ಗೊತ್ತಾಗಿತ್ತು. ಸೂಪ್ ಕುಡಿಯುತ್ತ ನನ್ನತ್ತ ವಾಲಿ, "ಮಿಸ್ ಗೇನ್ಸ್, ಸದ್ಯ ನೀವಿದ್ದೀರಲ್ಲ, ಉಸಿರಾಡೋ ಹಾಗಾಯ್ತು" ಅಂದಳು.

ನಾನೇನು ಬರೆದೆ ಗೊತ್ತೇ? "ಹೊಂದಿಕೊಳ್ಳುವುದಿಲ್ಲ." ಹೊಗಳಿದರೆ ತನ್ನವಳನ್ನು ಎಳೆದುಕೊಳ್ಳುತ್ತಿದ್ದಾಳೆ ಎನ್ನುತ್ತೀರೆಂಬ ಹೆದರಿಕೆ. ಅವಳು ಎಡವಿದರೆ ನನ್ನನ್ನೂ ಸೇರಿಸಿ ಅಳೆಯುತ್ತೀರೆಂಬ ಹೆದರಿಕೆ. ಮತ್ತೆ... ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ... ಒಬ್ಬಳೇ ಇರುವುದರಲ್ಲಿ ನನಗೆ ಜಂಬವೂ ಇತ್ತು. ಉಳಿದ ನಾಲ್ವರು, "ಒರೆಟಾನೇ ಬೇಡ ಅಂದ್ಮೇಲೆ ನಮ್ದೇನಿದೆ?" ಅಂದರು. ಎಷ್ಟು ನಿರಾಳವಾಗಿ ಅಂದಿರಿ!

ಈಗ ನನ್ನ ಜಾಗಕ್ಕೆ ಜೊನೆಲ್ ಮತ್ತೆ ಅರ್ಜಿ ಹಾಕಿದ್ದಾಳೆ. ಹಳೆಯ ಕಡತ ಹೊರಗೆ ಬಂದಿದೆ. ನಾಳೆ ಬೆಳಿಗ್ಗೆ ಆಯ್ಕೆ ಸಭೆ. ಅಲ್ಲಿ ನಾನಿರುವುದಿಲ್ಲ, ನನ್ನ ಸಾಲು ಇರುತ್ತದೆ.

ಹಾಗನ್ ಅವರೇ, ಆ ಸಾಲು ಸುಳ್ಳು. ನಿಮ್ಮ ಕೋಣೆಗೆ ಬಂದು ಹೇಳಿದ್ದರೆ "ಆಯ್ತು ಬಿಡಿ ಒರೆಟಾ" ಎಂದು ಮರೆತುಬಿಡುತ್ತಿದ್ದಿರಿ. ಅದಕ್ಕೇ ಮೈಕಿನಲ್ಲಿ ಹೇಳುತ್ತಿದ್ದೇನೆ. ಇನ್ನು ನನ್ನ ಹೆಸರು ಹೇಳಿ ಅವಳಿಗೆ ಬಾಗಿಲು ಹಾಕಲಾರಿರಿ. ಹಾಕುವುದಿದ್ದರೆ ನಿಮ್ಮ ಹೆಸರಿನಲ್ಲೇ ಹಾಕಿ.

ಚಪ್ಪಾಳೆ ಬೇಡ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.