ಎಡಗಡೆಯ ಒಂದು ಹಲ್ಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಏಳು ವರ್ಷದಿಂದ ನನಗೆ ಅನ್ನ ಕೊಡುತ್ತಿರುವ ಡಾಕ್ಟರ್ ಲಕ್ಷ್ಮೀಕಾಂತರೇ, ಈ ಬಿಸಿಲಿನಲ್ಲೂ ಕಾಮಠಿಯಿಂದ, ವಾಡಿಯಿಂದ ಬಂದು ಕುಳಿತಿರುವ ಸಭಿಕರೇ,

ಕನ್ನಡ ಸಂಘದವರು ನನಗೆ ಶಾಲು ಹೊದಿಸಿದ್ದೀರಿ. ನಾಗಪುರದ ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಶಾಲು! ಇದನ್ನು ಪ್ರೀತಿ ಎನ್ನದೆ ಏನೆನ್ನಲಿ?

ಹಲ್ಲು ನೆಟ್ಟಗೆ ಮಾಡುವ ದವಾಖಾನೆಯಲ್ಲಿ ನಿನ್ನ ಕೆಲಸವೇನು ಎಂದು ಅನೇಕರು ಕೇಳುತ್ತಾರೆ. ನಾನು ಮಕ್ಕಳ ಬಾಯಿಯ ಅಚ್ಚು ತೆಗೆಯುತ್ತೇನೆ. ಗುಲಾಬಿ ಬಣ್ಣದ ಹಿಟ್ಟು ಕಲಸಿ ಹಲ್ಲಿಗೆ ಒತ್ತಿ, ಆ ಗುರುತಿನಲ್ಲಿ ಪ್ಲಾಸ್ಟರ್ ಸುರಿದರೆ, ಮಗುವಿನ ಹಲ್ಲಿನ ಸಾಲು ಇದ್ದಂತೆಯೇ ಕೈಗೆ ಬರುತ್ತದೆ. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟುಕೊಂಡು ಯಾವ ಹಲ್ಲು ತೆಗೆಸಬೇಕು, ಯಾವುದಕ್ಕೆ ತಂತಿ ಹಾಕಬೇಕು ಎಂದು ಯೋಚಿಸುತ್ತಾರೆ. ಅಚ್ಚಿನ ಮೇಲೆ ಮಗುವಿನ ಹೆಸರು ಬರೆಯುವುದೂ ನನ್ನದೇ ಕೆಲಸ.

ಈಗಷ್ಟೇ ಡಾಕ್ಟರು ಹೇಳಿದರು, ‘ವತ್ಸಲಾಬಾಯಿ ಏಳು ವರ್ಷದಲ್ಲಿ ಒಂದೂ ತಪ್ಪು ಮಾಡಿಲ್ಲ’ ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸರ್, ಅದು ನಿಜವಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಚಪ್ಪಾಳೆಯನ್ನು ಹೊತ್ತುಕೊಂಡು ಮನೆಗೆ ಹೋಗಲು ನನ್ನಿಂದ ಆಗುವುದಿಲ್ಲ.

ಅದು ಎಂಬತ್ಮೂರರ ಮೇ ತಿಂಗಳು. ಒಂದೇ ದಿನ ಇಬ್ಬರು ಹುಡುಗಿಯರ ಅಚ್ಚು ತೆಗೆದೆ. ಒಬ್ಬಳು ವಾಯುದಳದ ಬೋಪಣ್ಣನವರ ಮಗಳು ದೇಚಮ್ಮ. ಇನ್ನೊಬ್ಬಳು ಸಾವನೇರಿನ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡುವ ಮಲ್ಲೇಶಪ್ಪನವರ ಮಗಳು ರಮಾ. ಅವಳನ್ನು ಕೇಳಿಯೇ ಅವಳ ಹೆಸರು ಹೇಳುತ್ತಿದ್ದೇನೆ. ಇಬ್ಬರಿಗೂ ಹದಿಮೂರು ವರ್ಷ.

ರಮಾಳ ತಾಯಿ ಲಕ್ಷ್ಮವ್ವ ಮಗಳ ಎದುರಿಗೇ ಕೇಳಿದರು: ‘ಇಂಥಾ ಉಬ್ಬಹಲ್ಲಿಗೆ ಯಾವ ಗಂಡು ಹೂಂ ಅಂತಾನ್ರಿ ಬಾಯಾರ? ನೀವಾರ ಹೇಳ್ರಿ.’ ಹೇಳಿ ನನ್ನ ಮುಖ ನೋಡಿದರು. ನನ್ನ ಹಲ್ಲು ನೋಡಿದರು. ಆಮೇಲೆ ಪಾಪ, ತಲೆ ತಗ್ಗಿಸಿದರು.

ನೀವೂ ನೋಡುತ್ತಲೇ ಇದ್ದೀರಿ, ನಾನು ಮುಚ್ಚಿಡುವುದೇನು? ನನಗೂ ಒಬ್ಬ ಗಂಡು ಹೂಂ ಅಂದಿದ್ದ. ಬಾಯಿ ಮುಚ್ಚಿಕೊಂಡು ತೆಗೆಸಿದ ಫೋಟೋ ನೋಡಿ ಅಂದಿದ್ದ. ‘ನಗಬ್ಯಾಡ, ಮಂದಿ ನೋಡ್ತಾರ’ ಎನ್ನುತ್ತಿದ್ದರು ನಮ್ಮ ಯಜಮಾನರು. ಎಪ್ಪತ್ತೊಂಬತ್ತರಲ್ಲಿ ಅವರಿಗೆ ಇಲ್ಲಿಂದ ಬೇರೆ ಊರಿಗೆ ವರ್ಗವಾಯಿತು. ಅವರು ಹೋದರು, ನಾನು ಇಲ್ಲೇ ಉಳಿದೆ. ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ. ಇರಲಿ.

ಆ ದಿನ ಒಳಗೆ ಹೋಗಿ ಅತ್ತೆ. ಕಣ್ಣೊರೆಸಿಕೊಂಡು ಬಂದು ಎರಡು ಅಚ್ಚಿಗೂ ಹೆಸರು ಬರೆದೆ. ಅದಲು ಬದಲು ಬರೆದೆ.

ಮೂರು ವಾರದ ಮೇಲೆ ಡಾಕ್ಟರು ಅಚ್ಚು ನೋಡಿ, ರಮಾಳ ಹೆಸರಿಗೆ ನಾಲ್ಕು ಹಲ್ಲು ತೆಗೆಸುವ ಚೀಟಿ ಬರೆದಿಟ್ಟು ಮುಂಬಯಿಯ ಸಮ್ಮೇಳನಕ್ಕೆ ಹೋದರು. ಮರುದಿನ ಮಲ್ಲೇಶಪ್ಪ ಮಗಳೊಂದಿಗೆ ಬಂದರು. ನಮ್ಮ ದವಾಖಾನೆಯಿರುವ ಸದರ್‌ನಲ್ಲೇ, ಎರಡು ಗಲ್ಲಿ ಆಚೆ, ಹಲ್ಲು ಕೀಳುವ ಇನ್ನೊಬ್ಬ ಡಾಕ್ಟರಿದ್ದರು. ಚೀಟಿ ಕೊಟ್ಟು ಅಲ್ಲಿಗೆ ಕಳಿಸಿದೆ. ಹೋಗುವಾಗ ಹುಡುಗಿ ನಕ್ಕಳು. ಅವಳ ಮುಂದಿನ ಹಲ್ಲುಗಳ ನಡುವೆ ಸಂದು ಇತ್ತು.

ಅಚ್ಚು ಎತ್ತಿಡಲು ಒಳಗೆ ಬಂದೆ. ‘ರಮಾ’ ಎಂದು ಬರೆದ ಅಚ್ಚಿನಲ್ಲಿ ಸಂದೇ ಇರಲಿಲ್ಲ. ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

ಆಗ ನಾನೇನು ಮಾಡಿದೆ? ಓಡಿದೆ ಎಂದು ಹೇಳಲು ಆಸೆ. ಓಡಲಿಲ್ಲ. ಸ್ಟೂಲಿನ ಮೇಲೆ ಕೂತೆ. ನೀರು ಕುಡಿದೆ. ನನಗೇ ಭ್ರಮೆ ಇರಬಹುದು ಎಂದುಕೊಂಡೆ. ಈ ಕೆಲಸ ಹೋದರೆ ಎಲ್ಲಿಗೆ ಹೋಗಲಿ ಎಂದು ಯೋಚಿಸಿದೆ. ಹತ್ತು ನಿಮಿಷ ಹಾಗೆಯೇ ಕೂತೆ. ಆಮೇಲೆ ಓಡಿದೆ, ಚಪ್ಪಲಿಯೂ ಇಲ್ಲದೆ.

ಹೋಗುವಷ್ಟರಲ್ಲಿ ಮೇಲಿನ ಎಡಗಡೆ, ಕೋರೆಹಲ್ಲಿನ ಹಿಂದಿನ ಹಲ್ಲು ತಟ್ಟೆಯಲ್ಲಿತ್ತು. ಹುಳುಕಿಲ್ಲದ ಒಳ್ಳೆಯ ಹಲ್ಲು.

‘ರುಕಿಯೇ ಸಾಹೇಬ್!’ ಎಂದು ಕೂಗಿ ತಡೆದೆ. ಹುಡುಗಿಯ ಬಾಯಿ ತುಂಬ ಹತ್ತಿ. ಅವಳಿಗೇನೂ ತಿಳಿಯಲಿಲ್ಲ. ಹೊರಗೆ ವರಾಂಡದಲ್ಲಿ ಮಲ್ಲೇಶಪ್ಪನವರ ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದೆ ಸರಿದರು. ಎಲ್ಲ ಕೇಳಿ, ‘ಉಳಿದ ಮೂರು ಬರೋಬರ್ ಅದಾವಿಲ್ರಿ?’ ಎಂದರು. ಮತ್ತೆ, ‘ಹುಡುಗಿಗೆ ಹೇಳಬ್ಯಾಡ್ರಿ. ಅಂಜ್ತಾಳ, ಮತ್ತ ಬಾಯಿ ತೆರೆಯಂಗಿಲ್ಲ.’

ಡಾಕ್ಟರು ಬಂದ ಮೇಲೆ ರಾಜೀನಾಮೆ ಬರೆದುಕೊಟ್ಟೆ. ‘ಚೀಟಿ ಮೇಲೆ ಸಹಿ ಯಾರದು? ನಾನು ಹುಡುಗಿ ಬಾಯಿ ಇನ್ನೊಮ್ಮೆ ನೋಡದೆ ಸಹಿ ಮಾಡಿದೆ’ ಎಂದು ರಾಜೀನಾಮೆ ಹರಿದು ಹಾಕಿದರು. ಸಾವನೇರಿಗೆ ತಾವೇ ಹೋಗಿ ಕ್ಷಮೆ ಕೇಳಿ ಬಂದರು. ದೇಚಮ್ಮನಿಗೆ ಹೊಸ ಅಚ್ಚು ತೆಗೆದು ಸರಿಯಾದ ಚಿಕಿತ್ಸೆ ಕೊಟ್ಟರು. ರಮಾಳಿಗೆ ಮೂರು ವರ್ಷ ತಂತಿ ಹಾಕಿ ಆ ಜಾಗ ಮುಚ್ಚಿದರು. ಹಲ್ಲು ಒಳಗೆ ಬಂದವು. ಆದರೆ ಮುಂದಿನ ಎರಡು ಹಲ್ಲುಗಳ ನಡುವಿನ ಗೆರೆ ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ಸರಿದೇ ಉಳಿಯಿತು.

ತಂತಿ ಬಿಚ್ಚಿದ ದಿನ ಅವಳು ಕನ್ನಡಿ ಹಿಡಿದು ನೋಡಿಯೇ ನೋಡಿದಳು. ‘ಬಾಯಾರ, ನನ್ನ ನಗಿ ಜರಾ ಸೊಟ್ಟ ಆಗೇತಲ್ರಿ?’

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗಾಗ ಹದಿನಾರು, ಕೇಳುವ ಹಕ್ಕು ಅವಳದು. ‘ಹೌದವ್ವಾ, ಆಗೇತಿ. ಅದು ನನ್ನ ತಪ್ಪು’ ಎಂದೆ. ಆ ದಿನದ ಅಳುವಿನಿಂದ ಹಿಡಿದು ಸ್ಟೂಲಿನ ಮೇಲೆ ಕೂತ ಹತ್ತು ನಿಮಿಷದವರೆಗೆ ಎಲ್ಲ ಹೇಳಿದೆ. ಅವಳು ಕನ್ನಡಿ ಕೆಳಗಿಟ್ಟು ಎದ್ದು ಹೋದಳು. ಮುಂದಿನ ತಪಾಸಣೆಗೂ ಬರಲಿಲ್ಲ. ಒಂದೂವರೆ ವರ್ಷ ಬಾಗಿಲು ಸಪ್ಪಳವಾದಾಗಲೆಲ್ಲ ತಲೆ ಎತ್ತಿ ನೋಡಿದ್ದೇನೆ.

ಈ ಜನವರಿಯಲ್ಲಿ ಬಂದಳು. ಪಕ್ಕದಲ್ಲಿ ಅವಳ ತಂಗಿ, ಹನ್ನೊಂದು ವರ್ಷದವಳು, ಅದೇ ಉಬ್ಬುಹಲ್ಲು. ಡಾಕ್ಟರು, ‘ಅಚ್ಚು ನಾನೇ ತೆಗೀತೇನೆ ಬಾ’ ಎಂದರು. ರಮಾ ತಲೆ ಅಲ್ಲಾಡಿಸಿದಳು.

‘ಬ್ಯಾಡ್ರಿ. ಅಚ್ಚು ವತ್ಸಲಾಬಾಯಿನ ತೆಗೀಲಿ. ಮುಗಿಯೋತನಕಾ ನಾ ಇಲ್ಲೇ ನಿಂದರ್ತೀನಿ.’

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಿಟ್ಟು ಕಲಸಿದೆ, ಅಚ್ಚು ತೆಗೆದು ಹೆಸರು ಬರೆದೆ. ಅವಳು ನನ್ನ ಕೈಯಿಂದ ಕಣ್ಣು ತೆಗೆಯದೆ ಕೊನೆಯವರೆಗೂ ನಿಂತಿದ್ದಳು. ಸಭಿಕರೇ, ನನಗೆ ನಿಜವಾದ ಸನ್ಮಾನ ಆಗಿದ್ದು ಅವತ್ತು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ಕೇಳಿದ ಮೇಲೂ ಶಾಲು ವಾಪಸು ಬೇಡಲಿಲ್ಲ. ನಿಮ್ಮೆಲ್ಲರ ಋಣ ದೊಡ್ಡದು. ನಮಸ್ಕಾರ.